ಟಿವಿಗೆ ಎರಡೇ ಎಚ್‌ಡಿಎಂಐ ಪೋರ್ಟ್, ಮನೆಯಲ್ಲಿ ಐದು ಸಾಧನ: ಯಾವುದನ್ನು ಎಲ್ಲಿ ಜೋಡಿಸಬೇಕು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದೆ ಕೊಂಡ 43 ಇಂಚಿನ 4ಕೆ ಸ್ಮಾರ್ಟ್ ಟಿವಿಯಲ್ಲಿ ಎಚ್‌ಡಿಎಂಐ ಪೋರ್ಟ್‌ಗಳು (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಿಂದ ಪಡೆಯುವ ಕಿಂಡಿಗಳು) ಎರಡೇ ಇವೆ. ಒಂದರ ಪಕ್ಕದಲ್ಲಿ ‘ಎಆರ್‌ಸಿ’ ಎಂದು ಬರೆದಿದೆ. ಡಿಶ್‌ನ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಮಗನ ಪ್ಲೇಸ್ಟೇಷನ್ 4, ಫೈರ್ ಟಿವಿಯ 4ಕೆ ಸ್ಟಿಕ್, ಸೌಂಡ್‌ಬಾರ್ ಈ ನಾಲ್ಕಕ್ಕೂ ಎಚ್‌ಡಿಎಂಐ ಬೇಕು. ಅಪ್ಪನ ಬಳಿ ಯಕ್ಷಗಾನ, ತಾಳಮದ್ದಳೆಯ ವಿಸಿಡಿಗಳ ದೊಡ್ಡ ಸಂಗ್ರಹವಿದೆ. ಅವರ ಡಿವಿಡಿ ಪ್ಲೇಯರ್‌ಗೆ ಹಳದಿ, ಬಿಳಿ, ಕೆಂಪು ಕೇಬಲ್ ಮಾತ್ರ, ಟಿವಿಯಲ್ಲಿ ಆ ಸಾಕೆಟ್‌ಗಳೇ ಕಾಣುವುದಿಲ್ಲ. ದಿನವೂ ಕೇಬಲ್ ಕಿತ್ತು ಹಾಕಿ ಒಂದು ಪೋರ್ಟ್ ಸಡಿಲವಾಗಿದೆ, ಕೇಬಲ್ ಅಲುಗಿದರೆ ಚಿತ್ರ ಹೋಗುತ್ತದೆ. ಅಂಗಡಿಯವರು ಒಂದು ಸ್ಪ್ಲಿಟರ್ ಕೊಟ್ಟರು. ಅದನ್ನು ಹಾಕಿದರೆ ಪರದೆಯಲ್ಲಿ ‘ನೋ ಸಿಗ್ನಲ್’ ಬಿಟ್ಟು ಬೇರೇನೂ ಬರುವುದಿಲ್ಲ. ಸ್ವಿಚ್ ಹಾಕಿದರೆ ಚಿತ್ರ ಮಸುಕಾಗುತ್ತದೆ, ಟಿವಿಯ ಬೋರ್ಡ್ ಸುಟ್ಟುಹೋಗುತ್ತದೆ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಖಾಲಿ ಇರುವ ಯುಎಸ್‌ಬಿ ಪೋರ್ಟ್‌ಗೆ ಏನಾದರೂ ಜೋಡಿಸಬಹುದೇ? ಕೇಬಲ್ ಚುಚ್ಚುವಾಗ ಕೈಗೆ ಜುಮ್ ಎನ್ನುತ್ತದೆ, ಇದು ಅಪಾಯವೇ? ಅಥವಾ ಬೇರೆ ಟಿವಿಯನ್ನೇ ಕೊಳ್ಳಬೇಕೇ?

ಉತ್ತರ: ಬೇರೆ ಟಿವಿ ಕೊಳ್ಳುವ ಅಗತ್ಯ ನಿಮಗಿಲ್ಲ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತಿವೆ: ಐದು ಸಾಧನಗಳಿಗೆ ಪೋರ್ಟ್ ಸಾಲದು ಎಂಬುದು ಒಂದು, ಜೋಡಿಸುವ ಭರದಲ್ಲಿ ಟಿವಿಯೇ ಹಾಳಾದೀತು ಎಂಬುದು ಇನ್ನೊಂದು. ಮೊದಲನೆಯದು ಕೆಲವು ನೂರು ರೂಪಾಯಿಯ ಕೇಬಲ್‌ಗಳಿಂದ ಬಹುಪಾಲು ಬಗೆಹರಿಯುತ್ತದೆ. ಎರಡನೆಯದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಮಲೆನಾಡಿನಿಂದ ರಿಪೇರಿಗೆ ಬರುವ ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ಸತ್ತಿರುವುದು ಬಹಳ ಸಾಮಾನ್ಯವಾದ ದೂರು, ಮತ್ತು ಅದಕ್ಕೆ ನಿಮ್ಮ ನೆಂಟರು ಹೇಳಿದ ಸ್ವಿಚ್ ಕಾರಣವಾಗಿರುವುದು ತೀರ ಅಪರೂಪ.

ಸ್ಪ್ಲಿಟರ್ ಏಕೆ ಕೆಲಸ ಮಾಡಲಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಸ್ಪ್ಲಿಟರ್ ಇರುವುದು ಒಂದು ಸಾಧನದ ಚಿತ್ರವನ್ನು ಎರಡು ಮೂರು ಟಿವಿಗಳಿಗೆ ಹಂಚುವುದಕ್ಕೆ. ಹೋಟೆಲುಗಳಲ್ಲಿ, ಸಭಾಂಗಣಗಳಲ್ಲಿ ಒಂದೇ ಬಾಕ್ಸ್‌ನಿಂದ ಹಲವು ಪರದೆಗಳಿಗೆ ಕ್ರಿಕೆಟ್ ತೋರಿಸುವುದು ಹೀಗೆ. ನಿಮಗೆ ಬೇಕಾದದ್ದು ಇದರ ಉಲ್ಟಾ ಕೆಲಸ: ಹಲವು ಸಾಧನಗಳಲ್ಲಿ ಒಂದನ್ನು ಆರಿಸಿ ಒಂದೇ ಟಿವಿಗೆ ಕಳಿಸುವುದು. ಅದನ್ನು ಮಾಡುವುದು ಸ್ವಿಚ್. ನೋಡಲು ಎರಡೂ ಒಂದೇ ರೀತಿಯ ಪುಟ್ಟ ಪೆಟ್ಟಿಗೆಗಳಾದ್ದರಿಂದ ಅಂಗಡಿಗಳಲ್ಲಿ ಹೆಸರು ಅದಲುಬದಲಾಗುತ್ತದೆ. ಸ್ಪ್ಲಿಟರ್‌ನ ಒಳಗಿನ ಚಿಪ್ ಸಿಗ್ನಲನ್ನು ಒಂದೇ ದಿಕ್ಕಿನಲ್ಲಿ ಸಾಗಿಸುತ್ತದೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ನಿಮ್ಮ ಟಿವಿಯಲ್ಲಾಗಲಿ, ಬಾಕ್ಸ್‌ನಲ್ಲಾಗಲಿ ಇದರಿಂದ ದೋಷವೇನೂ ಆಗಿಲ್ಲ. ಆ ಸ್ಪ್ಲಿಟರನ್ನು ಹಿಂದಿರುಗಿಸಲು ಸಾಧ್ಯವಾದರೆ ಹಿಂದಿರುಗಿಸಿ. ಹೊಸದಾಗಿ ಕೊಳ್ಳುವಾಗ ಹೆಸರನ್ನು ನಂಬದೆ, ಪೆಟ್ಟಿಗೆಯ ಮೇಲೆ ‘ಇನ್‌ಪುಟ್’ ಎಂದು ಬರೆದ ಸಾಕೆಟ್‌ಗಳು ಹಲವು ಇದ್ದು ‘ಔಟ್‌ಪುಟ್’ ಒಂದೇ ಇದೆಯೇ ಎಂದು ನೋಡಿ.

ಸ್ವಿಚ್‌ನಿಂದ ಚಿತ್ರ ಮಸುಕಾಗುತ್ತದೆ ಎನ್ನುವುದು ಹಳೆಯ ಅನಲಾಗ್ ಕಾಲದ ಅನುಭವ. ಆಗ ಪ್ರತಿ ಜೋಡಣೆಯಲ್ಲೂ ಸಿಗ್ನಲ್ ಸ್ವಲ್ಪ ಸ್ವಲ್ಪ ಕುಗ್ಗಿ ಚಿತ್ರದ ಮೇಲೆ ಮಳೆ ಬಂದಂತೆ ಕಾಣುತ್ತಿತ್ತು. ಎಚ್‌ಡಿಎಂಐನಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್. ಅದು ಸರಿಯಾಗಿ ತಲುಪಿದರೆ ಚಿತ್ರ ಮೂಲದಲ್ಲಿದ್ದ ಹಾಗೆಯೇ ಬರುತ್ತದೆ. ತಲುಪದಿದ್ದರೆ ಬಿಳಿ ಚುಕ್ಕಿಗಳು ಮಿನುಗುತ್ತವೆ ಅಥವಾ ಪರದೆ ಕ್ಷಣಕಾಲ ಕಪ್ಪಾಗುತ್ತದೆ. ಕ್ರಮೇಣ ಮಸುಕಾಗುವುದೆಂಬುದು ಇಲ್ಲಿಲ್ಲ. ಚಿನ್ನದ ಲೇಪನವಿರುವ ದುಬಾರಿ ಕೇಬಲ್‌ನಿಂದ ಬಣ್ಣಗಳು ಉಜ್ವಲವಾಗುತ್ತವೆ ಎಂಬ ಮಾತೂ ಇದೇ ಕಾರಣಕ್ಕೆ ಸರಿಯಲ್ಲ. ಆದರೆ ನೆಂಟರ ಮಾತಿನಲ್ಲಿ ಒಂದಂಶ ನಿಜವಿದೆ: ಸ್ವಿಚ್‌ನ ಸಾಮರ್ಥ್ಯ ಕಡಿಮೆಯಿದ್ದರೆ ಸಾಧನವು ಅದನ್ನು ಗುರುತಿಸಿ ತಾನೇ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಎಚ್‌ಡಿಎಂಐ 2.0 ದರ್ಜೆಯ, ಅಂದರೆ 18 ಗಿಗಾಬಿಟ್ ವೇಗದ ದಾರಿ ಬೇಕು. ಜತೆಗೆ ಅನಧಿಕೃತ ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗದ 2.2 ಆವೃತ್ತಿಯನ್ನು ದಾರಿಯಲ್ಲಿರುವ ಪ್ರತಿಯೊಂದು ಪೆಟ್ಟಿಗೆಯೂ ಅರ್ಥಮಾಡಿಕೊಳ್ಳಬೇಕು. ಹಳೆಯ ಸ್ವಿಚ್‌ಗೆ ಇದು ಗೊತ್ತಿಲ್ಲದಿದ್ದರೆ ನಿಮ್ಮ ಸ್ಟಿಕ್ 4ಕೆ ಬಿಟ್ಟು 1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ ಇಳಿಯುತ್ತದೆ, ಕೆಲವೊಮ್ಮೆ ಚಿತ್ರದ ಬದಲು ದೋಷದ ಸಂದೇಶ ತೋರಿಸುತ್ತದೆ. ಸೆಟ್‌ಟಾಪ್ ಬಾಕ್ಸ್ ಮತ್ತು ಪ್ಲೇಸ್ಟೇಷನ್ 4ರ ಸಾಮಾನ್ಯ ಮಾದರಿ ಹೇಗೂ 1080ಕ್ಕಿಂತ ಮೇಲೆ ಹೋಗುವುದಿಲ್ಲವಾದ್ದರಿಂದ ಅವಕ್ಕೆ ಈ ಚಿಂತೆ ಇಲ್ಲ.

ಯುಎಸ್‌ಬಿ ವಿಚಾರವನ್ನು ಬೇಗ ಮುಗಿಸಬಹುದು. ಟಿವಿಯ ಯುಎಸ್‌ಬಿ ಪೋರ್ಟ್ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿರುವ ಫೈಲುಗಳನ್ನು ಓದುವುದಕ್ಕಿದೆ. ಅದರ ಮೂಲಕ ಸೆಟ್‌ಟಾಪ್ ಬಾಕ್ಸ್‌ನ ಚಿತ್ರವನ್ನು ಟಿವಿಯೊಳಗೆ ಕಳಿಸಲಾಗದು. ಎಚ್‌ಡಿಎಂಐನಿಂದ ಯುಎಸ್‌ಬಿಗೆ ಎಂದು ಮಾರಾಟವಾಗುವ ತುಂಡುಗಳು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರಿಗಾಗಿ ಇರುವಂಥವು, ನಿಮಗೆ ಉಪಯೋಗವಿಲ್ಲ. ಫೈರ್ ಸ್ಟಿಕ್‌ಗೆ ವಿದ್ಯುತ್ತನ್ನೂ ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್‌ಗೆ ಅದು ಸಾಲದು. ಸಿನಿಮಾ ನಡುವೆ ಸ್ಟಿಕ್ ತಾನಾಗಿ ಆರಿ ಹೊತ್ತಿಕೊಳ್ಳುವುದಕ್ಕೆ ಬಹುತೇಕ ಇದೇ ಕಾರಣ. ಅದರ ಜತೆ ಬಂದ ಅಡಾಪ್ಟರನ್ನೇ ಬಳಸಿ.

ಈಗ ಜೋಡಣೆಯ ವಿಷಯ. ಸಾಧನಗಳನ್ನು ಎಣಿಸುವ ಬದಲು, ಪ್ರತಿಯೊಂದಕ್ಕೂ ನಿಜಕ್ಕೂ ಎಚ್‌ಡಿಎಂಐ ಬೇಕೇ ಎಂದು ಕೇಳಿಕೊಂಡರೆ ಲೆಕ್ಕವೇ ಬದಲಾಗುತ್ತದೆ.

ಸೌಂಡ್‌ಬಾರ್‌ನಿಂದ ಆರಂಭಿಸುತ್ತೇನೆ. ಅದು ಟಿವಿಗೆ ಚಿತ್ರವನ್ನೇ ಕಳಿಸುವುದಿಲ್ಲ, ಟಿವಿಯಿಂದ ಧ್ವನಿಯನ್ನು ಪಡೆದುಕೊಳ್ಳುತ್ತದೆ ಅಷ್ಟೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಧ್ವನಿಯನ್ನು ಹೀಗೆ ಹಿಂದಕ್ಕೆ ಕಳಿಸುವ ಏರ್ಪಾಟು 2009ರ 1.4 ಆವೃತ್ತಿಯಲ್ಲಿ ಬಂತು, ನಿಮ್ಮ ಪೋರ್ಟಿನ ಪಕ್ಕದ ‘ಎಆರ್‌ಸಿ’ ಅದನ್ನೇ ಸೂಚಿಸುತ್ತದೆ. ಆದರೆ ಬಹಳಷ್ಟು ಟಿವಿಗಳ ಹಿಂಬದಿಯಲ್ಲಿ ಆಪ್ಟಿಕಲ್ ಎಂಬ ಚೌಕಾಕಾರದ ಇನ್ನೊಂದು ಕಿಂಡಿಯೂ ಇರುತ್ತದೆ. ಟಿವಿ ಆನ್ ಇರುವಾಗ ಅದರೊಳಗೆ ಕೆಂಪು ಬೆಳಕು ಕಾಣುತ್ತದೆ. ಸೌಂಡ್‌ಬಾರ್‌ನಲ್ಲೂ ಅಂಥ ಕಿಂಡಿ ಇದೆಯೇ ನೋಡಿ. ಇದ್ದರೆ ಒಂದು ಆಪ್ಟಿಕಲ್ ಕೇಬಲ್ ತಂದು ಎರಡನ್ನೂ ಜೋಡಿಸಿ, ಕೇಬಲ್‌ನ ತುದಿಗಳಲ್ಲಿರುವ ಪ್ಲಾಸ್ಟಿಕ್ ಟೋಪಿಗಳನ್ನು ಮರೆಯದೆ ತೆಗೆಯಿರಿ, ತೀರ ಮಡಿಸಬೇಡಿ. ಬಳಿಕ ಟಿವಿಯ ಸೌಂಡ್ ಮೆನುವಿನಲ್ಲಿ ಆಪ್ಟಿಕಲ್ ಆಯ್ಕೆ ಮಾಡಿ. ಧ್ವನಿ ಬಾರದಿದ್ದರೆ ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ ಎಂದು ಬದಲಾಯಿಸಿ. ಇಷ್ಟರಿಂದಲೇ ನಿಮಗೆ ಒಂದು ಪೂರ್ತಿ ಎಚ್‌ಡಿಎಂಐ ಪೋರ್ಟ್ ಮರಳಿ ಸಿಗುತ್ತದೆ, ಏಕೆಂದರೆ ಎಆರ್‌ಸಿ ಪೋರ್ಟ್ ಕೂಡ ಉಳಿದಂತೆ ಮಾಮೂಲಿ ಪೋರ್ಟೇ. ಅದಕ್ಕೆ ಬಾಕ್ಸ್, ಆಟದ ಸಾಧನ, ಯಾವುದನ್ನು ಬೇಕಾದರೂ ಹಾಕಬಹುದು. ಬಿಟ್ಟುಕೊಡಬೇಕಾದದ್ದು ಏನು? ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1ರವರೆಗೆ ಸಾಗುತ್ತದೆ, ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಸಾಗುವುದಿಲ್ಲ. ಕೆಲವು ಜೋಡಣೆಗಳಲ್ಲಿ ಸೌಂಡ್‌ಬಾರ್‌ನ ವಾಲ್ಯೂಮ್ ಟಿವಿಯ ರಿಮೋಟ್‌ನಿಂದ ಏರಿಳಿಯುವುದಿಲ್ಲ. ಸೌಂಡ್‌ಬಾರ್ ಅಟ್ಮಾಸ್ ಮಾದರಿಯಲ್ಲದಿದ್ದರೆ ಮೊದಲನೆಯದು ನಿಮಗೆ ನಷ್ಟವೇ ಅಲ್ಲ.

ತಂದೆಯವರ ಡಿವಿಡಿ ಪ್ಲೇಯರ್‌ಗೂ ಎಚ್‌ಡಿಎಂಐ ಬೇಡ. ಎವಿಯಿಂದ, ಅಂದರೆ ಆ ಮೂರು ಬಣ್ಣದ ಕೇಬಲ್‌ನಿಂದ, ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಪೆಟ್ಟಿಗೆಗಳು ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ, ಆದರೆ ನಿಮಗೆ ಕೊರತೆಯಿರುವ ಪೋರ್ಟನ್ನೇ ಅವು ಮತ್ತೆ ಕಬಳಿಸುತ್ತವೆ, ಚಿತ್ರವನ್ನು ಒಂದಿಷ್ಟೂ ಉತ್ತಮಪಡಿಸುವುದಿಲ್ಲ. ವಿಸಿಡಿಯಲ್ಲಿರುವ ಚಿತ್ರದ ವಿವರ 352 ಅಡ್ಡ, 288 ಉದ್ದ ಚುಕ್ಕಿಗಳಷ್ಟೇ. ಡಿವಿಡಿಯಲ್ಲಾದರೂ 720, 576. ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಪೆಟ್ಟಿಗೆಯೂ ತಂದುಕೊಡಲಾರದು, ವಿಸಿಡಿಯ ಮಟ್ಟಿಗಂತೂ ಹಳದಿ ಕೇಬಲ್ ಧಾರಾಳವಾಗಿ ಸಾಕು. ಟಿವಿಯಲ್ಲಿ ಮೂರು ಬಣ್ಣದ ಸಾಕೆಟ್‌ಗಳು ಕಾಣದಿದ್ದ ಮಾತ್ರಕ್ಕೆ ಎವಿ ಇನ್‌ಪುಟ್ ಇಲ್ಲವೆಂದಲ್ಲ. ಇತ್ತೀಚಿನ ತೆಳು ಟಿವಿಗಳಲ್ಲಿ ಅದನ್ನು ಹೆಡ್‌ಫೋನ್ ಸಾಕೆಟ್‌ನಂಥ ಒಂದೇ ದುಂಡು ರಂಧ್ರವಾಗಿ ಕೊಟ್ಟಿರುತ್ತಾರೆ, ಪಕ್ಕದಲ್ಲಿ ‘ಎವಿ ಇನ್’ ಎಂದು ಸಣ್ಣಕ್ಷರದಲ್ಲಿರುತ್ತದೆ. ಅದಕ್ಕೆ ಬೇಕಾದ, ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್ ಮತ್ತು ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಸಾಕೆಟ್‌ಗಳಿರುವ ಗೇಣುದ್ದದ ಕೇಬಲ್ ಟಿವಿಯ ಪೆಟ್ಟಿಗೆಯಲ್ಲಿ ಬಂದಿರಲೂಬಹುದು, ಅಟ್ಟದಲ್ಲಿ ಹುಡುಕಿ ನೋಡಿ. ಅಂಗಡಿಯಿಂದ ತರುವುದಾದರೆ ಒಂದು ಎಚ್ಚರಿಕೆ: ಆ ಪಿನ್‌ನ ನಾಲ್ಕು ಪಟ್ಟಿಗಳಲ್ಲಿ ಯಾವುದು ಚಿತ್ರಕ್ಕೆ, ಯಾವುದು ಅರ್ತ್‌ಗೆ ಎಂಬುದು ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಚಿತ್ರ ಬಾರದೆ ಗುಂಯ್‌ಗುಡುವ ಸದ್ದು ಮಾತ್ರ ಬಂದರೆ ಹಳದಿ ಮತ್ತು ಕೆಂಪು ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿ. ಆಗಲೂ ಬಾರದಿದ್ದರೆ ನಿಮ್ಮ ಟಿವಿಯ ಕಂಪನಿಯದೇ ಕೇಬಲ್ ಕೇಳಿ ತನ್ನಿ. ಚಿತ್ರ ಬಂದು ಬಣ್ಣ ಮಾತ್ರ ಇಲ್ಲದಿದ್ದರೆ ಕೇಬಲ್ ಸರಿಯಿದೆ, ಪ್ಲೇಯರ್‌ನ ಮೆನುವಿನಲ್ಲಿ ಪಾಲ್ ಎಂಬ ಬಣ್ಣದ ಪದ್ಧತಿಯನ್ನು ಆಯ್ದುಕೊಳ್ಳಬೇಕಷ್ಟೆ.

ಆ ವಿಸಿಡಿಗಳ ಬಗ್ಗೆ ಇನ್ನೊಂದು ಮಾತು, ನೀವು ಕೇಳದಿದ್ದರೂ. ಮಳೆಗಾಲದ ತೇವದಲ್ಲಿ ಡಿಸ್ಕ್‌ಗಳ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಚಿನ ಲೇಪನ ಏಳುತ್ತದೆ, ಹಾಗಾದವು ಮತ್ತೆ ಓಡುವುದು ಕಷ್ಟ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರ್ ಯಾರ ಬಳಿಯಾದರೂ ಇದ್ದರೆ ಅವುಗಳನ್ನು ಈಗಲೇ ಎಂಪಿ4 ಫೈಲುಗಳಾಗಿ ಬದಲಿಸಿ, ಮನೆಯ ಉಪಯೋಗಕ್ಕೆಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಆಗ ಖಾಲಿ ಬಿದ್ದಿರುವ ಆ ಯುಎಸ್‌ಬಿ ಪೋರ್ಟ್‌ಗೆ ನಿಜವಾದ ಉಪಯೋಗ ಬರುತ್ತದೆ. ಈಗ ಹುಡುಕಿದರೂ ಸಿಗದ ಪ್ರಸಂಗಗಳು, ಹಿರಿಯ ಅರ್ಥಧಾರಿಗಳ ಮಾತುಗಾರಿಕೆ ಆ ಡಿಸ್ಕ್‌ಗಳಲ್ಲಿರಬಹುದು. ಪ್ಲೇಯರ್‌ನ ಲೆನ್ಸ್ ಕೈಕೊಡುವವರೆಗೆ ಕಾಯುವುದು ಬೇಡ ಎಂಬುದು ನನ್ನ ಕಳಕಳಿಯ ಸಲಹೆ.

ಉಳಿದವು ಮೂರು: ಸೆಟ್‌ಟಾಪ್ ಬಾಕ್ಸ್, ಪ್ಲೇಸ್ಟೇಷನ್, ಸ್ಟಿಕ್. ಪೋರ್ಟ್ ಎರಡು. ಟಿವಿಯೇ ಸ್ಮಾರ್ಟ್ ಆದ್ದರಿಂದ ಅದರೊಳಗಿನ ಆ್ಯಪ್‌ಗಳು ಸರಿಯಾಗಿ ಓಡುತ್ತಿದ್ದರೆ ಸ್ಟಿಕ್ ಬೇಕಿಲ್ಲ, ಅಲ್ಲಿಗೆ ಸ್ವಿಚ್ ಕೂಡ ಬೇಕಿಲ್ಲ. ಆದರೆ ಕೆಲವು ವರ್ಷಗಳ ಬಳಿಕ ಟಿವಿಯ ಆ್ಯಪ್‌ಗಳಿಗೆ ಅಪ್‌ಡೇಟ್ ನಿಂತು ಅವು ನಿಧಾನವಾಗುವುದು ಸಾಮಾನ್ಯ. ನೀವು ಸ್ಟಿಕ್ ಕೊಂಡಿರುವುದೂ ಅದಕ್ಕೇ ಇರಬೇಕು. ಹಾಗಿದ್ದರೆ ಒಂದು ಸ್ವಿಚ್ ಹಾಕಿ, ಆದರೆ ಸೆಟ್‌ಟಾಪ್ ಬಾಕ್ಸನ್ನು ಅದಕ್ಕೆ ಸೇರಿಸಬೇಡಿ. ಮನೆಯ ಹಿರಿಯರು ದಿನವೂ ಬಳಸುವುದು ಅದನ್ನೇ. ವಾರ್ತೆ ನೋಡಲು ಅವರು ಮೂರನೆಯ ರಿಮೋಟ್ ಹುಡುಕುವಂತಾಗಬಾರದು. ಬಾಕ್ಸ್ ನೇರವಾಗಿ ಟಿವಿಯ ಒಂದು ಪೋರ್ಟ್‌ಗೆ ಇರಲಿ, ಇನ್ನೊಂದು ಪೋರ್ಟ್‌ಗೆ ಸ್ವಿಚ್ ಹಾಕಿ, ಅದರಲ್ಲಿ ಪ್ಲೇಸ್ಟೇಷನ್ ಮತ್ತು ಸ್ಟಿಕ್ ಇರಲಿ. ಅವೆರಡೂ ಒಟ್ಟಿಗೆ ಬೇಕಾಗುವುದಿಲ್ಲ, ಬಳಸುವವರು ಗುಂಡಿ ಒತ್ತಿ ಬದಲಿಸಬಲ್ಲವರು. ಆಟಕ್ಕೆ ಸ್ವಿಚ್‌ನಿಂದ ಗಮನಕ್ಕೆ ಬರುವಂಥ ವಿಳಂಬವೇನೂ ಆಗುವುದಿಲ್ಲವೆಂದು ಮಗನಿಗೆ ಧೈರ್ಯವಾಗಿ ಹೇಳಿ.

ಸ್ವಿಚ್ ಆರಿಸುವಾಗ 4ಕೆ 60 ಹರ್ಟ್ಸ್ ಮತ್ತು ಎಚ್‌ಡಿಸಿಪಿ 2.2 ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ, ಏಕೆಂದರೆ ಸ್ಟಿಕ್ ಅದರ ಮೂಲಕ ಹಾಯಬೇಕು. ಕರೆಂಟ್ ಬೇಡದ ಸ್ವಿಚ್‌ಗಳು ಅಗ್ಗ, ಆದರೆ ಅವು ಜೋಡಿಸಿದ ಸಾಧನದಿಂದಲೇ 5 ವೋಲ್ಟ್ ಎಳೆದುಕೊಂಡು ನಡೆಯುತ್ತವೆ; ಎಚ್‌ಡಿಎಂಐ ನಿಯಮದ ಪ್ರಕಾರ ಸಾಧನ ಕೊಡಲೇಬೇಕಾದದ್ದು 55 ಮಿಲಿಆಂಪಿಯರ್ ಮಾತ್ರ. ಸ್ಟಿಕ್‌ನಂಥ ಪುಟ್ಟ ಸಾಧನದೊಂದಿಗೆ ಇದರಿಂದ ಚಿತ್ರ ಬಂದು ಹೋಗುವ ಕಾಟ ಶುರುವಾಗಬಹುದು. ಬೇರೆ ಅಡಾಪ್ಟರ್ ಹಾಕುವ ಅವಕಾಶವಿರುವ ಸ್ವಿಚ್ಚೇ ಮೇಲು. ತಾನಾಗಿಯೇ ಸಾಧನ ಬದಲಿಸುವ ಸೌಲಭ್ಯ ಕೇಳಲು ಚೆನ್ನಾಗಿದ್ದರೂ ಅದನ್ನು ಆಫ್ ಮಾಡಲು ಬರುವಂಥದ್ದನ್ನು ಆರಿಸಿ. ಸ್ಟಿಕ್ ಸದಾ ಎಚ್ಚರವಾಗಿಯೇ ಇರುವುದರಿಂದ ಸ್ವಿಚ್ ಗೊಂದಲಕ್ಕೊಳಗಾಗಿ ಆಟದ ಮಧ್ಯೆ ಅತ್ತ ಹಾರುವುದುಂಟು. ಕೇಬಲ್‌ಗಳು ಗಿಡ್ಡವಾಗಿರಲಿ. ಸಾಧನದಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಟಿವಿಗೆ, ಎರಡೂ ಸೇರಿ ಮೂರು ಮೀಟರ್ ಒಳಗಿದ್ದರೆ 4ಕೆಗೆ ತೊಂದರೆ ಬರುವುದು ವಿರಳ.

ಸೌಂಡ್‌ಬಾರ್‌ನಲ್ಲಿ ಆಪ್ಟಿಕಲ್ ಇಲ್ಲ ಎಂದಾದರೆ ಅದು ಎಆರ್‌ಸಿ ಪೋರ್ಟ್‌ನಲ್ಲೇ ಉಳಿಯಬೇಕು, ಮತ್ತು ಮೂರೂ ಸಾಧನಗಳು ಮೂರು ಇನ್‌ಪುಟ್‌ಗಳ ಸ್ವಿಚ್ ಮೂಲಕ ಇನ್ನೊಂದು ಪೋರ್ಟ್‌ಗೆ ಬರಬೇಕು. ಸೌಂಡ್‌ಬಾರನ್ನೇ ಸ್ವಿಚ್‌ಗೆ ಸಿಕ್ಕಿಸುವ ಪ್ರಯತ್ನ ಮಾತ್ರ ಬೇಡ. ಹಿಮ್ಮುಖವಾಗಿ ಬರುವ ಧ್ವನಿಯನ್ನು ಸಾಮಾನ್ಯ ಸ್ವಿಚ್‌ಗಳು ದಾಟಿಸುವುದಿಲ್ಲ. ಎಆರ್‌ಸಿ ಕೆಲಸ ಮಾಡಲು ಟಿವಿಯ ಮೆನುವಿನಲ್ಲಿ ಸಿಇಸಿ (ಎಚ್‌ಡಿಎಂಐ ಕೇಬಲ್ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಇರಬೇಕು. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್ ಎಂದೂ, ಎಲ್‌ಜಿಯಲ್ಲಿ ಸಿಂಪ್‌ಲಿಂಕ್ ಎಂದೂ, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದೂ ಹೆಸರಿಟ್ಟಿದ್ದಾರೆ. ಕೆಲವು ಸೌಂಡ್‌ಬಾರ್‌ಗಳಲ್ಲಿ ‘ಎಚ್‌ಡಿಎಂಐ ಇನ್’ ಎಂಬ ಪ್ರತ್ಯೇಕ ಪೋರ್ಟ್ ಇರುತ್ತದೆ, ನಿಮ್ಮದರಲ್ಲೂ ಇದ್ದರೆ ಪ್ಲೇಸ್ಟೇಷನನ್ನು ಅಲ್ಲಿಗೆ ಹಾಕಿ, ಅದು ಚಿತ್ರವನ್ನು ಎಆರ್‌ಸಿ ಕೇಬಲ್ ಮೂಲಕವೇ ಟಿವಿಗೆ ದಾಟಿಸುತ್ತದೆ. ಹಲವು ಸಾಧನಗಳನ್ನೂ ಸ್ಪೀಕರ್‌ಗಳನ್ನೂ ಜೋಡಿಸುವ ಎವಿ ರಿಸೀವರ್ ಎಂಬ ದೊಡ್ಡ ಪೆಟ್ಟಿಗೆಯೂ ಒಂದು ದಾರಿ, ಆದರೆ ಬೇರೆ ಸ್ಪೀಕರ್‌ಗಳನ್ನೆಲ್ಲ ಹೊಸದಾಗಿ ಕೊಳ್ಳುವ ಯೋಚನೆ ಇಲ್ಲದವರಿಗೆ ಅದನ್ನು ನಾನು ಹೇಳುವುದಿಲ್ಲ.

ಇನ್ನು ಕೈಗೆ ಜುಮ್ ಎನ್ನುವ ವಿಚಾರ. ಸೆಟ್‌ಟಾಪ್ ಬಾಕ್ಸ್, ಟಿವಿ, ಅಡಾಪ್ಟರ್‌ಗಳ ವಿದ್ಯುತ್ ಭಾಗದಲ್ಲಿ ವಿದ್ಯುತ್ ಅಡಚಣೆ ತಡೆಯಲೆಂದು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಎರಡು ಪಿನ್‌ನ ಪ್ಲಗ್ ಇದ್ದು ಅರ್ತ್ ಇಲ್ಲದಿದ್ದಾಗ ಅವುಗಳ ಮೂಲಕ ಲೋಹದ ಭಾಗಗಳಲ್ಲಿ 230 ವೋಲ್ಟ್‌ನ ಅರ್ಧದಷ್ಟು ಒತ್ತಡ ಕಾಣಿಸಿಕೊಳ್ಳಬಹುದು. ಹರಿಯುವ ಕರೆಂಟ್ ಅತ್ಯಲ್ಪವಾದ್ದರಿಂದ ಚರ್ಮಕ್ಕೆ ಜುಮ್ ಎನ್ನುತ್ತದೆಯೇ ಹೊರತು ಆರೋಗ್ಯವಂತರಿಗೆ ಅಪಾಯವಾಗುವಂಥದ್ದಲ್ಲ. ಕೈ ಎಳೆದುಕೊಳ್ಳುವಷ್ಟು ಹೊಡೆದರೆ ಅದು ಬೇರೆ, ಆಗ ತಕ್ಷಣ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ಪರೀಕ್ಷಿಸಿ. ನಿಮಗೆ ಅಪಾಯವಲ್ಲದ ಆ ಜುಮ್ ಟಿವಿಗೆ ಮಾತ್ರ ಅಪಾಯವೇ. ಎಚ್‌ಡಿಎಂಐನ ಚಿತ್ರದ ತಂತಿಗಳು 3.3 ವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುವಂಥವು. ಕರೆಂಟ್ ಇರುವಾಗಲೇ ಕೇಬಲ್ ಚುಚ್ಚಿದಾಗ ಎರಡು ಸಾಧನಗಳ ನಡುವಿನ ಒತ್ತಡದ ವ್ಯತ್ಯಾಸ ಆ ಸೂಕ್ಷ್ಮ ಚಿಪ್ ಮೂಲಕ ಇಳಿದರೆ ಪೋರ್ಟ್ ಸಾಯುತ್ತದೆ. ದಿನಕ್ಕೆ ಹಲವು ಸಲ ಹೀಗೆ ಮಾಡುತ್ತಿರುವುದನ್ನು ನಿಲ್ಲಿಸುವುದೇ ಸ್ವಿಚ್‌ನಿಂದ ನಿಮಗಾಗುವ ದೊಡ್ಡ ಲಾಭ. ಎಂದಾದರೂ ಕೇಬಲ್ ಬದಲಿಸಬೇಕಾದರೆ ಎರಡೂ ಸಾಧನಗಳ ಪ್ಲಗ್ ಕಿತ್ತ ಮೇಲೆ ಬದಲಿಸಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.

ಇದಕ್ಕಿಂತ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಬಳಿಕ ಬರುವ ಟಿವಿಗಳಲ್ಲಿ ಒಂದು ಲಕ್ಷಣ ಮತ್ತೆ ಮತ್ತೆ ಕಾಣುತ್ತದೆ: ಟಿವಿ ಆನ್ ಆಗುತ್ತದೆ, ಆ್ಯಪ್‌ಗಳು ಓಡುತ್ತವೆ, ಸೆಟ್‌ಟಾಪ್ ಬಾಕ್ಸ್ ಇದ್ದ ಪೋರ್ಟ್ ಮಾತ್ರ ಸತ್ತಿರುತ್ತದೆ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಮಾಡಿನ ಮೇಲಿನ ಡಿಶ್‌ನಿಂದ ಇಳಿದುಬರುವ ಕೇಬಲ್‌ನಲ್ಲಿ ಕ್ಷಣಮಾತ್ರ ದೊಡ್ಡ ಒತ್ತಡ ಹುಟ್ಟುತ್ತದೆ, ಅದು ಬಾಕ್ಸ್ ಹೊಕ್ಕು ಎಚ್‌ಡಿಎಂಐ ಮೂಲಕ ಟಿವಿಯ ಮೇನ್‌ಬೋರ್ಡ್ ತಲುಪುತ್ತದೆ. ಟಿವಿಗೆ ಸ್ಟೆಬಿಲೈಸರ್ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಸ್ಟೆಬಿಲೈಸರ್ ಇರುವುದು ಕರೆಂಟ್ ಲೈನಿನ ನಿಧಾನದ ಏರಿಳಿತಕ್ಕೆ. ಡಿಶ್ ಕೇಬಲ್‌ನಿಂದ ಬರುವ ಪೆಟ್ಟನ್ನು ಅದು ತಡೆಯಲಾರದು. ಗೋಡೆಯ ಸ್ವಿಚ್ ಆರಿಸಿದರೂ ಆ ದಾರಿ ತೆರೆದೇ ಇರುತ್ತದೆ. ಗುಡುಗು ದೂರದಲ್ಲಿ ಕೇಳಿಸತೊಡಗಿದಾಗಲೇ ಟಿವಿ ಮತ್ತು ಬಾಕ್ಸ್‌ನ ಪ್ಲಗ್‌ಗಳನ್ನು ಕಿತ್ತು, ಬಾಕ್ಸ್‌ನ ಹಿಂದಿನ ಡಿಶ್ ಕೇಬಲನ್ನೂ ತಿರುಪಿ ತೆಗೆದು ದೂರವಿಡಿ. ಬ್ರಾಡ್‌ಬ್ಯಾಂಡ್ ತಾಮ್ರದ ತಂತಿಯಲ್ಲಿ ಬರುವುದಾದರೆ ಅದನ್ನೂ ತೆಗೆಯಿರಿ. ಮಿಂಚು ನೆತ್ತಿಯ ಮೇಲೆ ಬಂದ ಮೇಲೆ ಈ ಕೆಲಸಕ್ಕೆ ಹೋಗಬೇಡಿ, ಟಿವಿಗಿಂತ ಕೈ ದೊಡ್ಡದು. ಡಿಶ್‌ನ ಕಂಬವನ್ನೂ ಕೇಬಲ್‌ನ ಹೊರಬಲೆಯನ್ನೂ ಎಲೆಕ್ಟ್ರಿಷಿಯನ್‌ರಿಂದ ಅರ್ತ್ ಮಾಡಿಸಿದರೆ ಸಣ್ಣಪುಟ್ಟ ಪೆಟ್ಟುಗಳು ತಪ್ಪುತ್ತವೆ. ಸೌಂಡ್‌ಬಾರ್‌ಗೆ ಆಪ್ಟಿಕಲ್ ಕೇಬಲನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ: ಅದರಲ್ಲಿ ಸಾಗುವುದು ಬೆಳಕು, ತಾಮ್ರವಿಲ್ಲ, ಆದ್ದರಿಂದ ಟಿವಿಗೆ ಬಿದ್ದ ಪೆಟ್ಟು ಆ ದಾರಿಯಲ್ಲಿ ಸೌಂಡ್‌ಬಾರ್‌ಗೆ ದಾಟುವುದಿಲ್ಲ.

ಕೊನೆಯದಾಗಿ ಆ ಸಡಿಲ ಪೋರ್ಟ್. ಎಚ್‌ಡಿಎಂಐ ಸಾಕೆಟ್‌ಗಳನ್ನು ಸಾವಿರಾರು ಸಲ ಹಾಕಿ ತೆಗೆಯಲು ತಕ್ಕಂತೆ ರೂಪಿಸಿರುತ್ತಾರೆ, ಆದರೆ ಅದು ನೇರವಾಗಿ ಹಾಕಿ ತೆಗೆದರೆ ಮಾತ್ರ. ಕೈ ತಲುಪದ ಕಡೆ ಓರೆಯಾಗಿ ತುರುಕಿದಾಗ, ದಪ್ಪ ಕೇಬಲ್‌ನ ಭಾರ ಜೋತುಬಿದ್ದಾಗ ಒಳಗಿನ ಬೆಸುಗೆ ಬಿರಿಯುತ್ತದೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಎಷ್ಟೋ ಸಲ ಸವೆದಿರುವುದು ಕೇಬಲ್‌ನ ತುದಿಯೇ. ಹೊಸ ಕೇಬಲ್ ಅಲುಗಿಸಿದಾಗಲೂ ಚಿತ್ರ ಬಂದು ಹೋಗುವುದಾದರೆ ಬೆಸುಗೆ ಬಿಟ್ಟಿದೆ, ಚಿಪ್ ಬದುಕಿದೆ ಎಂದರ್ಥ. ಅನುಭವಿ ತಂತ್ರಜ್ಞರು ಸಾಕೆಟನ್ನಷ್ಟೇ ಬದಲಿಸಿಕೊಡಬಲ್ಲರು, ಇಡೀ ಬೋರ್ಡ್ ಬದಲಿಸಬೇಕೆಂದರೆ ಇನ್ನೊಬ್ಬರನ್ನು ಕೇಳಿ. ಏನು ಮಾಡಿದರೂ ಆ ಪೋರ್ಟ್‌ನಲ್ಲಿ ಚಿತ್ರ ಬಾರದಿದ್ದರೆ ಚಿಪ್‌ಗೇ ಪೆಟ್ಟಾಗಿರಬಹುದು. ಆಗಲೂ ಉಳಿದ ಒಂದು ಪೋರ್ಟ್‌ಗೆ ಮೂರು ಇನ್‌ಪುಟ್‌ಗಳ ಸ್ವಿಚ್ ಹಾಕಿ, ಸೌಂಡ್‌ಬಾರನ್ನು ಆಪ್ಟಿಕಲ್‌ಗೆ, ಡಿವಿಡಿ ಪ್ಲೇಯರನ್ನು ಎವಿಗೆ ಜೋಡಿಸಿದರೆ ನಿಮ್ಮ ಐದೂ ಸಾಧನಗಳು ನಡೆಯುತ್ತವೆ. ಹೊಸ ಜೋಡಣೆ ಮಾಡುವ ದಿನ ಕೇಬಲ್‌ಗಳನ್ನು ಟಿವಿಯ ಸ್ಟ್ಯಾಂಡ್‌ಗೆ ಒಂದು ಟೈ ಹಾಕಿ ಕಟ್ಟಿ, ಭಾರ ಪೋರ್ಟ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಟಿವಿಯ ಮೆನುವಿನಲ್ಲಿ ಇನ್‌ಪುಟ್‌ಗಳ ಹೆಸರು ಬದಲಿಸುವ ಅವಕಾಶವಿದ್ದರೆ ಅಲ್ಲಿ, ಇಲ್ಲದಿದ್ದರೆ ರಿಮೋಟ್‌ಗೆ ಅಂಟಿಸಿದ ಚೀಟಿಯಲ್ಲಿ, ಯಾವುದು ಡಿಶ್, ಯಾವುದು ಡಿವಿಡಿ ಎಂದು ತಂದೆಯವರಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿಡಿ.